ಮ್ಯಾಕ್ರೊ, ಮಳೆ ಮತ್ತು ನನ್ನ ಅಂಜಿಕೆ

ಅಂಜುಬುರುಕರ ಕೈಯಲ್ಲೇ ಅವಘಡಗಳು ಜಾಸ್ತಿ. ಸಿದ್ಧೇಶ್ವರ ಗುಡಿಯ ಹತ್ತಿರ ಕಂಪ್ಯೂಟರ್ ಕ್ಲಾಸ್ ನಡೆಸುವ ನಾನು, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಸಲ ಮನೆಗೆ ಹೋಗಿ ನೋಡಿ ಬರುವವಳು. ಇಂಥವಳಿಗೆ ತಿಕೋಟಾದ ಸೋದರಮಾವ ವರ್ಷದ ಬೆಳೆಯನ್ನೇ ಒಪ್ಪಿಸಿದ. ಶೆಡ್ಡಿನಲ್ಲಿ ಒಣಹಾಕಿದ ದ್ರಾಕ್ಷಿಗೆ ಮಳೆ ತಾಗಿದರೆ ಎಲ್ಲ ಹಾಳು. ಹನಿ ಬಿದ್ದ ಕೂಡಲೇ ಸೈರನ್ ಕೂಗಬೇಕು, ಮಾವನ ಮನೆಯವರು ಶೆಡ್ಡಿನ ಸುತ್ತಲಿನ ಪರದೆ ಇಳಿಸಬೇಕು. ಆ ಸೈರನ್ ಮಾಡುವ ಕೆಲಸ ನನ್ನದು.

೧. ಖಡಕ್ ರೊಟ್ಟಿ

ಪ್ರೋಗ್ರಾಂ ಬರೆದದ್ದು ಲಿಸ್ಪ್ ಎಂಬ ಭಾಷೆಯಲ್ಲಿ. ಅದರಲ್ಲಿ ಮ್ಯಾಕ್ರೊ ಎಂಬುದೊಂದಿದೆ. ಪ್ರೋಗ್ರಾಂ ಓಡುವ ಮೊದಲೇ, ಅಂದರೆ ಅದನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಂದು ಕಂಪೈಲ್ ಮಾಡುವಾಗಲೇ, ಲೆಕ್ಕ ಮುಗಿಸಿ ಉತ್ತರವನ್ನು ಒಳಗೆ ಬರೆದಿಡಬಹುದು. ಅವ್ವನಿಗೆ ಹೆಮ್ಮೆಯಿಂದ ಹೇಳಿದೆ, "ಖಡಕ್ ರೊಟ್ಟಿ ಇದ್ದಂಗ ಬೇ. ಮೊದಲ ಬಡದು ಇಟ್ಟಿರ್ತೀವಿ, ಉಣ್ಣೂ ಹೊತ್ತಿನ್ಯಾಗ ಒಲಿ ಹಚ್ಚೂದಿಲ್ಲ."

"ರೊಟ್ಟಿ ಇರ್ತಾವು," ಎಂದಳು ಅವ್ವ. "ಪಲ್ಯಾನೂ ಮೊದಲ ಮಾಡಿ ಇಟ್ಟೀ ಏನು?"

ನಕ್ಕುಬಿಟ್ಟೆ. ನಗಬಾರದಿತ್ತು.

೨. ಸುಮ್ಮನಿದ್ದ ಸೈರನ್

ನೀರು ತಾಗಿದರೆ ತಿಳಿಯುವ ತಗಡನ್ನು ಮನೆಯಲ್ಲೇ ಲ್ಯಾಪ್‌ಟಾಪಿಗೆ ಜೋಡಿಸಿ, ಕಂಪೈಲ್ ಮಾಡಿ, ಸೈರನ್ ಸಮೇತ ತಿಕೋಟಾದ ಶೆಡ್ಡಿಗೆ ಒಯ್ದು ಕೂಡಿಸಿದೆ. ಒಂದು ಮಧ್ಯಾಹ್ನ ತಿಕೋಟಾ ಹತ್ತಿರದ ಕಳ್ಳಕವಟಗಿ ಕಡೆ ಮೋಡ ಕಪ್ಪಾಗಿದೆ ಎಂದು ಯಾರೋ ಅಂದರು. ಮಾವನಿಗೆ ಫೋನ್ ಮಾಡಿದೆ.

"ನೀ ಮಾಡಿಕೊಟ್ಟ ಮ್ಯಾಲ ನಮಗೇನ ಅಂಜಿಕಿ ಯವ್ವಾ?" ಎಂದ. ಅವನ ಮಾತಿನ ಹಿಂದೆ ಟಪಟಪ ಸದ್ದು.

"ಮಾಮಾ, ಅದೇನ ಸಪ್ಪಳರಿ?"

"ಮಳಿ ಅನಸ್ತೈತಿ. ಆದ್ರ ಸೈರನ್ ಇನ್ನೂ ಹೇಳಿಲ್ಲ."

೩. ಕೂಗಿದ ಸೈರನ್

ತಿಕೋಟಾ ಬಸ್ಸು ಹತ್ತಿದೆ. ಮಾವನ ಹೆಂಡತಿ, ನಮ್ಮ ಅತ್ತಿ, ಸೈರನ್ನಿನ ದಾರಿ ಕಾಯದೆ ಪರದೆ ಇಳಿಸಿದ್ದಳು, ದ್ರಾಕ್ಷಿ ಉಳಿದಿತ್ತು. ವೈರು ಸಡಿಲಾಗಿರಬೇಕೆಂದು ಬೇರೆ ವೈರು ಹಾಕಿ, ಜಿಟಿಜಿಟಿ ಮಳೆಯಲ್ಲೇ ಕೂತು ಮತ್ತೆ ಕಂಪೈಲ್ ಮಾಡಿದೆ. ಸೈರನ್ ಊರು ಕೇಳುವಂತೆ ಕೂಗಿತು. ಮಾವ ಬೆನ್ನು ತಟ್ಟಿದ. ಸ್ವಿಚ್ ಆರಿಸಿ, ಮನೆಗೆ ಬಂದು ನೆಮ್ಮದಿಯಿಂದ ಉಂಡೆ.

ಎರಡು ದಿನ ಬಿಟ್ಟು ಅತ್ತಿಯ ಫೋನ್. "ಸ್ವಿಚ್ ಹಾಕಿದ್ದ ತಡ, ಸುಡು ಬಿಸಲಾಗ ಬಡ್ಕೊಳ್ಳಾಕತ್ತೈತಿ. ಸುತ್ತಿನ ಶೆಡ್ಡಿನ ಮಂದಿ ತಾಡಪತ್ರಿ ಹಿಡ್ಕೊಂಡು ಓಡಾಕತ್ತಾರ."

ಆಗ ಹೊಳೆಯಿತು. ಮಳೆ ಇದೆಯೇ ಎಂದು ನೋಡುವ ಕೆಲಸವನ್ನೂ ನಾನು ಮ್ಯಾಕ್ರೊದೊಳಗೇ ಹಾಕಿದ್ದೆ. ಅದು ಕಂಪೈಲ್ ಮಾಡುವಾಗ ಒಮ್ಮೆ ನೋಡಿ ಉತ್ತರ ಬರೆದಿಟ್ಟು ಕೂತಿತ್ತು. ಮೊದಲ ಸಲ ನೋಡಿದ್ದು ನಮ್ಮ ಮನೆಯ ಒಣ ಮೇಜು, ಎರಡನೇ ಸಲ ಶೆಡ್ಡಿನ ಮಳೆ. ಉಣ್ಣುವ ಹೊತ್ತಿಗೇ ಮಾಡಬೇಕು ಎಂದು ಅವ್ವ ಸೂಚಿಸಿದ ಪಲ್ಯ ಇದೇ.

ಅತ್ತಿ ಫೋನನ್ನು ಮಾವನ ಕೈಗೆ ಕೊಟ್ಟಳು. ತೊದಲುತ್ತ ಎಲ್ಲ ಒಪ್ಪಿಕೊಂಡು, ಬೈಗುಳಕ್ಕೆ ಕಣ್ಣು ಮುಚ್ಚಿ ಕಾದೆ. ಬೈಗುಳ ಬರಲಿಲ್ಲ. ಮಾವ ಫೋನ್ ಹಿಡಿದುಕೊಂಡೇ ಸುತ್ತಿನವರಿಗೆ ಕೂಗಿ ಹೇಳಿದ:

"ಯಾರೂ ಅಂಜಬ್ಯಾಡ್ರಿ. ಅದು ಮೊನ್ನಿ ಮಳಿ ಹೇಳಾಕತ್ತೈತಿ."