ನಾಲ್ಕೂವರೆ ಸೆಂಟಿಮೀಟರ್ ಮಾವ

"ಮಾವ, ನಿಮ್ಮ ಅರವತ್ತೈದನೇ ಹುಟ್ಟುಹಬ್ಬಕ್ಕೆ ನೀವು ಯುದ್ಧದಲ್ಲಿ ಓಡಿಸಿದ ಟ್ಯಾಂಕನ್ನೇ ತಂದು ಈ ಮೇಜಿನ ಮೇಲೆ ನಿಲ್ಲಿಸ್ತೀನಿ! ಅದೂ ಸಿಬ್ಬಂದಿ ಸಮೇತ! ಐದಕ್ಕೆ ಐದೂ ಜನ!"

ಭಾನುವಾರದ ಊಟದ ನಡುವೆ, ಮುಳ್ಳುಚಮಚವನ್ನು ಖಡ್ಗದಂತೆ ಎತ್ತಿ ಹಿಡಿದು ನಾನು ಹೀಗೆ ಘೋಷಿಸಿದೆ. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಪುಟ್ಟ ಯುದ್ಧವಾಹನ ಕಟ್ಟುವ ಕಲೆಯಲ್ಲಿ ಇಂಗ್ಲೆಂಡಿನ ಈ ಇಡೀ ಬರ್ನ್ಲಿ ಪಟ್ಟಣದಲ್ಲಿ ನನಗೆ ಸಮಾನರಿಲ್ಲ ಎಂಬುದು ಬಲ್ಲವರ ಮಾತು. ಬಲ್ಲವನು ಸದ್ಯಕ್ಕೆ ನಾನೊಬ್ಬನೇ!

ಮಾವ ತಲೆ ಎತ್ತಲಿಲ್ಲ. ನನ್ನ ಹೆಂಡತಿಯ ಕಡೆ ತಿರುಗಿ, "ಬ್ರೆಂಡಾ, ಅವನಿಗೆ ಇನ್ನೊಂದು ಆಲೂಗಡ್ಡೆ ಬೇಕಾ ಕೇಳಮ್ಮ" ಎಂದರು.

"ಅವನು" ಎಂದರೆ ಎದುರಿಗೇ ಕೂತಿದ್ದ ನಾನು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಹರ್ಬರ್ಟ್ ಎಂಟ್‌ವಿಸಲ್ ಎಂಬ ಈ ಮಹಾನುಭಾವರು ನನ್ನನ್ನು ಒಮ್ಮೆಯೂ ಕ್ಲೈವ್ ಎಂದು ಕರೆದಿಲ್ಲ. ಜೀವಮಾನವಿಡೀ ಗಡಿಯಾರ ರಿಪೇರಿ ಮಾಡಿದವರು. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಈಗಲೂ ಅವರ ಕೋಟಿನ ಜೇಬಿನಲ್ಲೇ ಇರುತ್ತದೆ. ಕೈಕೆಲಸ ಬರದ ವಿಮಾ ಗುಮಾಸ್ತನಿಗೆ ಮಗಳನ್ನು ಕೊಟ್ಟೆನಲ್ಲ ಎಂಬ ಕೊರಗು. ಈ ಟ್ಯಾಂಕಿನಿಂದಾದರೂ ಅವರ ಬಾಯಲ್ಲಿ ನನ್ನ ಹೆಸರು ಹೊರಡಿಸಲೇಬೇಕು ಎಂದು ಪಣ ತೊಟ್ಟೆ.

ಟ್ಯಾಂಕು ಮೂರು ವಾರದಲ್ಲಿ ಮುಗಿಯಿತು. ಗೋಳು ಶುರುವಾದದ್ದು ಮನುಷ್ಯರಿಂದ. ಟ್ಯಾಂಕು ಅಮೆರಿಕದಲ್ಲಿ ತಯಾರಾದದ್ದಂತೆ, ಅದಕ್ಕೇ ಬಿಡಿಭಾಗಗಳ ಡಬ್ಬದೊಳಗಿದ್ದ ಬೊಂಬೆ ಸೈನಿಕರೆಲ್ಲ ಅಮೆರಿಕದವರು! ನಮ್ಮ ಲ್ಯಾಂಕಾಷೈರ್ ಜಿಲ್ಲೆಯ ಮಾವನಿಗೆ ಅಮೆರಿಕದ ಟೋಪಿ ಹಾಕುವುದೇ? ಬ್ರಿಟಿಷ್ ಸಿಬ್ಬಂದಿಗಾಗಿ ಅಂಚೆಯಲ್ಲಿ ಬರೆದು ಹಾಕಿದೆ. ಭಾನುವಾರ ಸಂಜೆ ನಾಲ್ಕಕ್ಕೆ ಹುಟ್ಟುಹಬ್ಬದ ಟೀ. ಪೊಟ್ಟಣ ಬಂದದ್ದು ಶುಕ್ರವಾರ.

ಬಿಚ್ಚಿ ಟ್ಯಾಂಕಿನ ಪಕ್ಕ ನಿಲ್ಲಿಸಿದೆ. ಅಳತೆಪಟ್ಟಿ ತಂದೆ.

ನನ್ನ ಟ್ಯಾಂಕು ಅಸಲಿಯ ಮೂವತ್ತೈದನೇ ಒಂದು ಪಾಲು. ಬಂದ ಸೈನಿಕರು ಮೂವತ್ತೆರಡನೇ ಒಂದು ಪಾಲು! ಮೂರೇ ಅಂಕಿಯ ವ್ಯತ್ಯಾಸ, ಏನು ಮಹಾ ಎನ್ನಬೇಡಿ. ಲೆಕ್ಕ ಹಾಕಿದರೆ ಒಬ್ಬೊಬ್ಬನೂ ಆರೂವರೆ ಅಡಿ ದಾಟುತ್ತಿದ್ದ. ನಮ್ಮ ಮಾವ ಬೂಟು ಹಾಕಿಕೊಂಡರೂ ಐದಡಿ ನಾಲ್ಕಂಗುಲ!

"ಎಲ್ಲರನ್ನೂ ಒಳಗೆ ತುಂಬಿ ಮುಚ್ಚಳ ಹಾಕಿಬಿಡು. ಯಾರಿಗೆ ಕಾಣುತ್ತೆ?" ಎಂದಳು ಬ್ರೆಂಡಾ.

"ಇದು ಕಲೆ ಬ್ರೆಂಡಾ! ಉಪ್ಪಿನಕಾಯಿ ಜಾಡಿ ಅಲ್ಲ!"

ಗರಗಸ ತೆಗೆದೆ. ಮೂವರನ್ನು ಸೊಂಟದವರೆಗೆ ಕತ್ತರಿಸಿ ಟ್ಯಾಂಕಿನ ಕಿಂಡಿಗಳಲ್ಲಿ ಕೂರಿಸಿದೆ. ನಾಲ್ಕನೆಯವನು ಟೀ ಕಾಯಿಸುತ್ತ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರಿಂದ ಬಚಾವಾದ. ಉಳಿದದ್ದು ಮಾವ. ಅವರು ಲೋಟ ಹಿಡಿದು ಟ್ಯಾಂಕಿನ ಪಕ್ಕ ಠೀವಿಯಿಂದ ನಿಂತಿರಬೇಕು. ಎಡಗಾಲು ಕತ್ತರಿಸಿದೆ, ತುಸು ಹೆಚ್ಚಾಯಿತು. ಸರಿದೂಗಿಸಲು ಬಲಗಾಲು ಕತ್ತರಿಸಿದೆ, ಅದು ಇನ್ನೂ ಹೆಚ್ಚಾಯಿತು. ಮತ್ತೆ ಎಡಗಾಲು...

"ಹೀಗೇ ಮುಂದುವರಿದರೆ ನಮ್ಮಪ್ಪ ಟೋಪಿ ಮೇಲೆ ನಿಲ್ಲಬೇಕಾಗುತ್ತೆ!" ಎಂದಳು ಬ್ರೆಂಡಾ.

ಅಂತೂ ಶನಿವಾರ ಸಂಜೆಯ ಹೊತ್ತಿಗೆ ಮಾವನನ್ನು ಎರಡು ಕಾಲಿನ ಮೇಲೆ ನಿಲ್ಲಿಸಿ, ಅಂಟು ಆರಲೆಂದು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಭಾನುವಾರ ಬೆಳಗ್ಗೆ ನೋಡುತ್ತೇನೆ, ಕಟ್ಟೆ ಖಾಲಿ! ಕೆಳಗೆ ಬ್ರೆಂಡಾ ಜಮಖಾನೆಯ ಮೇಲೆ ಧೂಳು ಹೀರುವ ಯಂತ್ರ ಓಡಿಸುತ್ತಿದ್ದಾಳೆ. ಯಂತ್ರದ ಹೊಟ್ಟೆಯಿಂದ ಟಕ್ ಎಂಬ ಸದ್ದು.

"ನಿಲ್ಲಿಸು! ನಿಮ್ಮಪ್ಪನ್ನ ನುಂಗಿಬಿಟ್ಟೆ!"

ಧೂಳಿನ ಚೀಲವನ್ನು ಟೀ ಮೇಜಿಗೆಂದು ಹಾಸಿದ್ದ ಬಿಳಿ ಬಟ್ಟೆಯ ಮೇಲೇ ಸುರಿದೆ. ಬ್ರೆಂಡಾ ಕಿರುಚಿದಳು. ಮೂರು ಗುಂಡಿ, ಒಂದು ಕಿವಿಯೋಲೆ, ಕಳೆದ ಕ್ರಿಸ್‌ಮಸ್ಸಿನ ಬಾದಾಮಿ, ಎಲ್ಲ ಸಿಕ್ಕವು. ಮಾವನೂ ಸಿಕ್ಕರು, ಸೊಂಟದಿಂದ ಮೇಲಕ್ಕೆ ಮಾತ್ರ. ಕಾಲುಗಳು ಇವತ್ತಿಗೂ ನಾಪತ್ತೆ!

ಹುಡುಕಿ ಸಾಕಾಗುವ ಹೊತ್ತಿಗೆ ಗಂಟೆ ಒಂದಾಗಿತ್ತು. ಕತ್ತರಿಸಿ ಮಿಕ್ಕ ಕಾಲುಗಳನ್ನೂ ಅಮೆರಿಕದವರನ್ನೂ ಶನಿವಾರವೇ ಕಸದ ಜೊತೆ ಸುಟ್ಟುಬಿಟ್ಟಿದ್ದೆ. ಎಲ್ಲಿಂದ ತರಲಿ ಕಾಲು?

ಉತ್ತರ ನನಗೆ ಗೊತ್ತಿತ್ತು. ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಎರಡು ವರ್ಷದ ಹಿಂದೆ ಬ್ರೆಂಡಾಳ ತೀರಿಹೋದ ತಾಯಿಯ ಟೀ ಪಾತ್ರೆಯ ಮೇಲೆ ಕೈಯಿಟ್ಟು, "ಇನ್ನು ನಿನ್ನನ್ನು ಕೇಳದೆ ಒಂದೇ ಒಂದು ಮಾದರಿ ಡಬ್ಬವನ್ನೂ ಕೊಳ್ಳುವುದಿಲ್ಲ" ಎಂದು ಆಣೆ ಮಾಡಿದ್ದೆ. ಆಮೇಲೆ ಕೊಂಡ ಮೂವತ್ತೇಳು ಡಬ್ಬಗಳು ಅಟ್ಟದ ಮೇಲೆ, ನೀರಿನ ತೊಟ್ಟಿಯ ಹಿಂದೆ ಕಂಬಳಿ ಹೊದ್ದು ಮಲಗಿವೆ. ಮಾದರಿ ಕಟ್ಟುವವರಲ್ಲಿ ಇದೊಂದು ಸಂಪ್ರದಾಯ. ಕಟ್ಟುವುದು ಒಂದು, ಬಚ್ಚಿಡುವುದು ಹತ್ತು!

"ತೊಟ್ಟಿ ಯಾಕೋ ಸದ್ದು ಮಾಡ್ತಾ ಇದೆ, ನೋಡ್ಕೊಂಡು ಬರ್ತೀನಿ" ಎಂದು ಏಣಿ ಹತ್ತಿದೆ.

"ನನಗೇನೂ ಕೇಳಿಸ್ತಿಲ್ವಲ್ಲ?"

"ಕೇಳಿಸೋ ಹೊತ್ತಿಗೆ ಮನೆ ಮುಳುಗಿರುತ್ತೆ!"

ಮೂವತ್ತೈದನೇ ಪಾಲಿನ, ನಿಂತಿರುವ ಕಾಲುಗಳು ಸಿಕ್ಕಿದ್ದು ಒಂದೇ ಡಬ್ಬದಲ್ಲಿ. ಅವು ಒಬ್ಬ ಜರ್ಮನ್ ಅಧಿಕಾರಿಯವು! ಮೊಣಕಾಲಿನವರೆಗೆ ಉದ್ದದ ಬೂಟು. ಬ್ರಿಟಿಷರದ್ದು ಕಣಕಾಲಿನ ಬೂಟು. ಕೆತ್ತಲು ಪುರುಸೊತ್ತಿಲ್ಲ. ಕಾಲು ಜೇಬಿಗಿಳಿಸಿ ಕೆಳಗೆ ಬಂದೆ, ಮಾವನ ಸೊಂಟಕ್ಕೆ ಅಂಟಿಸಿದೆ. ದೊಡ್ಡ ಮೈಗೆ ಚಿಕ್ಕ ಕಾಲು ಕೂತು, ಎತ್ತರ ತಾನಾಗಿಯೇ ಮಾವನದ್ದಾಯಿತು! ಪ್ಯಾಂಟಿಗೆ ಖಾಕಿ ಬಳಿದೆ. ಮೂರೂವರೆಗೆ ಬ್ರೆಂಡಾ ಬೈಯುತ್ತಲೇ ಕೂದಲು ಒಣಗಿಸುವ ಯಂತ್ರವನ್ನು ಅಪ್ಪನ ಕಾಲಿಗೆ ಹಿಡಿದಿದ್ದಳು.

ನಾಲ್ಕಕ್ಕೆ ಸರಿಯಾಗಿ ಮಾವ ಬಂದರು. ಜೊತೆಗೆ, ಅದೇ ಟ್ಯಾಂಕಿನಲ್ಲಿ ಗುಂಡು ಹಾರಿಸುತ್ತಿದ್ದ ಹಳೆಯ ಗೆಳೆಯ ವಿಲ್ಫ್. ಹಂದಿಮಾಂಸದ ಕಡುಬು, ಡಬ್ಬದ ಪೀಚ್ ಹಣ್ಣು ಯಾವುದನ್ನೂ ಮುಟ್ಟದೆ ಮಾವ ಟ್ಯಾಂಕಿನ ಮುಂದೆ ಕೂತರು. ಭೂತಗನ್ನಡಿ ಕಣ್ಣಿಗೇರಿತು. ಕಿಂಡಿಯ ಮೂವರನ್ನು ನೋಡಿದರು. ಒಲೆಯವನನ್ನು ನೋಡಿದರು. ತಮ್ಮನ್ನು ನೋಡಿದರು. ನೋಟ ಕೆಳಕ್ಕೆ ಇಳಿಯಿತು. ಅಲ್ಲೇ ನಿಂತಿತು.

"ವಿಲ್ಫ್, ಬಾ ಇಲ್ಲಿ. ನನ್ನ ಕಾಲು ನೋಡು."

ವಿಲ್ಫ್ ಬಗ್ಗಿ ನೋಡಿದರು. "ಅಯ್ಯೋ ದೇವರೇ! ಜರ್ಮನ್ ಬೂಟು!"

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮಾವ ಭೂತಗನ್ನಡಿ ತೆಗೆದರು. ಕಣ್ಣು ಒದ್ದೆಯಾಗಿತ್ತು. "ಹಾಲೆಂಡಿನ ಆ ಚಳಿಗಾಲ. ನನ್ನ ಬೂಟು ನೆಂದು ಕೊಳೆತು ಹೋಗಿತ್ತು. ಸೆರೆಸಿಕ್ಕ ಒಬ್ಬ ಅಧಿಕಾರಿಗೆ ಒಂದು ಡಬ್ಬಿ ಸಿಗರೇಟು ಕೊಟ್ಟು ಅವನ ಬೂಟು ಹಾಕ್ಕೊಂಡೆ. ಇಲ್ಲದಿದ್ರೆ ಬೆರಳು ಉಳೀತಿರಲಿಲ್ಲ. ಸಿಕ್ಕಿಬಿದ್ದರೆ ಶಿಕ್ಷೆ ಅಂತ ನಮ್ಮ ಟ್ಯಾಂಕಿನವರನ್ನ ಬಿಟ್ಟು ಯಾರಿಗೂ ಹೇಳಲಿಲ್ಲ. ನಿಮ್ಮಮ್ಮನಿಗೂ ಹೇಳಿಲ್ಲ ಬ್ರೆಂಡಾ. ಇವನಿಗೆ ಹೇಗೆ ಗೊತ್ತಾಯ್ತು?"

ನಾನು ಎದೆಯುಬ್ಬಿಸಿದೆ. "ಅಧ್ಯಯನ ಮಾವ! ಆಳವಾದ ಅಧ್ಯಯನ!"

ಮಾವ ಮತ್ತೆ ಭೂತಗನ್ನಡಿ ಏರಿಸಿದರು. ಬೊಂಬೆಯ ಸೊಂಟದ ಮೇಲೆ ಬೆರಳಾಡಿಸಿದರು. ಬೆರಳಿಗೆ ಖಾಕಿ ಬಣ್ಣ ಹತ್ತಿತು. ಐವತ್ತು ವರ್ಷ ಗಡಿಯಾರದ ಹಲ್ಲು ಎಣಿಸಿದ ಕಣ್ಣಿಗೆ ಒಂದು ಗರಗಸದ ಗೆರೆ ಕಾಣದೇ ಇರುತ್ತದೆಯೇ? ಆದರೂ ಬೈಯಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅಷ್ಟು ಅಕ್ಕರೆಯಿಂದ ಕೇಳಿದರು:

"ಕ್ಲೈವ್, ಈ ಕಾಲಿನ ಮೇಲಿದ್ದ ಜರ್ಮನ್ನನ ಮಿಕ್ಕ ಮೈ ಎಲ್ಲಪ್ಪಾ?"

ಕ್ಲೈವ್! ನನ್ನ ಹೆಸರು! ಬುದ್ಧಿ ಕರಗಿತು. ಆ ಕ್ಷಣ ಅವರು ಏನು ಕೇಳಿದ್ದರೂ ಹೇಳಿಬಿಡುತ್ತಿದ್ದೆ.

"ಅಟ್ಟದ ಮೇಲಿದೆ ಮಾವ! ನೀರಿನ ತೊಟ್ಟಿಯ ಹಿಂದೆ, ಮೂವತ್ತೇಳು ಡಬ್ಬದ ಜೊತೆ!"

ಬ್ರೆಂಡಾ ಕೈಯಲ್ಲಿದ್ದ ಅವಳ ತಾಯಿಯ ಟೀ ಪಾತ್ರೆ ನಿಧಾನವಾಗಿ ಮೇಜಿನ ಮೇಲೆ ಇಳಿಯಿತು. ಅವಳು ನನ್ನ ಕಡೆ ನೋಡಲಿಲ್ಲ. ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಅವನಿಗೆ ಇನ್ನೊಂದು ಕಪ್ ಟೀ ಬೇಕಾ ಕೇಳು."