ಉದ್ದ ಎಳೆದ ‘ಆತ್ರೀ’

ಓದಿದ ವಿದ್ಯೆ ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆಂದು ನಂಬುವವರ ಬಗ್ಗೆ ನನಗೆ ಕನಿಕರವಿದೆ, ಏಕೆಂದರೆ ನಾನೂ ಅವರಲ್ಲೊಬ್ಬ. ಹುಮನಾಬಾದಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ರಜೆ ಸಿಕ್ಕಾಗ ಬಸವಕಲ್ಯಾಣದ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು, ದೂರದ ಪ್ರಯೋಗಾಲಯದಲ್ಲಿ ಅಳೆದು ತಂದ ಬೆಳಕಿನ ಮಿನುಗುಗಳ ನಡುವೆ ವೇಗದ ನ್ಯೂಟ್ರಾನುಗಳನ್ನು ಹುಡುಕುತ್ತೇನೆ. ಈ ನ್ಯೂಟ್ರಾನು ಬಲು ಗುಮ್ಮನಗುಸುಕ. ವಿದ್ಯುದಂಶವಿಲ್ಲದ್ದರಿಂದ ಯಾರ ಗೊಡವೆಗೂ ಹೋಗದೆ ನುಸುಳಿಬಿಡುತ್ತದೆ. ದಾರಿಯಲ್ಲಿ ಸಿಂಟಿಲೇಟರ್ ಎಂಬ ಮಿನುಗುವ ಹರಳನ್ನಿಟ್ಟರೆ ಮಾತ್ರ, ಒಳಗಿನ ಯಾವುದೋ ಬಡಪಾಯಿ ಪ್ರೋಟಾನಿಗೆ ಡಿಕ್ಕಿ ಹೊಡೆಯುತ್ತದೆ. ಏಟು ತಿಂದ ಪ್ರೋಟಾನು ಓಡುವಾಗ ಹರಳು ಮಿನುಗುತ್ತದೆ. ಫಜೀತಿ ಏನೆಂದರೆ, ಗಾಮಾ ಕಿರಣ ಬಂದರೂ ಅದು ಮಿನುಗುತ್ತದೆ. ಗಾಮಾದ ಬೆಳಕು ಥಟ್ಟನೆ ಆರುತ್ತದೆ, ನ್ಯೂಟ್ರಾನಿನದು ಕೊನೆಯಲ್ಲಿ ತುಸು ಎಳೆಯುತ್ತದೆ. ಆ ಬಾಲ ನೋಡಿ ಬಂದವರಾರೆಂದು ಹೇಳುವುದೇ ನನ್ನ ಕಸುಬು.

ಕಳೆದ ಭಾನುವಾರ ರಾಜೇಶ್ವರದಲ್ಲಿ ನನ್ನ ಹೆಂಡತಿ ಮಹಾದೇವಿಯ ತಂಗಿಯ ಕೂಸಿಗೆ ಹೆಸರಿಡುವ ಕಾರ್ಯ. ದಿನಾ ಕಾಲೇಜಿಗೆ ಹೋಗುವ ನನ್ನ ಬಸ್ಸು ಆ ಊರ ಮೇಲೆಯೇ ಹಾಯುವುದರಿಂದ ದೂರವೆಂಬ ನೆಪವೂ ಇರಲಿಲ್ಲ. ಆದರೂ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, “ನೀ ಹೋಗಿ ಬಾ, ನನಗ ಬಾಲ ನೋಡೂದದ” ಎಂದೆ.

“ಆತ್ರೀ...” ಎಂದಳು. ಒಪ್ಪಿದಳೆಂದು ಖುಷಿಯಾಯಿತು. ನಮ್ಮ ಕಡೆ ಹಾಲಿನವನಿಂದ ತಹಶೀಲ್ದಾರರವರೆಗೆ ಎಲ್ಲರಿಗೂ ‘ರಿ’ ಹಚ್ಚುತ್ತೇವೆ, ಅದರ ಉದ್ದ ಯಾರು ಅಳೆಯುತ್ತಾರೆ? ‘ಆತ್ರಿ’ ಎಂದರೆ ಸಮ್ಮತಿ. ‘ಆತ್ರೀ...’ ಎಂದರೆ ಏನೆಂಬುದು, ಅವಳು ಹೋಗಿ ತಾಸಾದ ಮೇಲೆ, ಪರದೆಯಲ್ಲಿ ಉದ್ದನೆಯ ಬಾಲವೊಂದು ಕಂಡಾಗ ಹೊಳೆಯಿತು. ಹಿಂದೊಮ್ಮೆ ಇಂಥದೇ ‘ರೀ’ ಎಳೆದವಳು ವಾರವೆಲ್ಲ ಮಾತು ಬಿಟ್ಟಿದ್ದಳು. ಅವಳ ಮಾತಿಲ್ಲದ ಮನೆ ನನಗೆ ಆಗಿಬರುವುದಿಲ್ಲ. ಬೈಕ್ ಹತ್ತಿದೆ.

ರಾಜೇಶ್ವರದ ಅಂಗಳದಲ್ಲೇ ಸಿಕ್ಕಳು. “ಬಾಲ ನೋಡೂದು ಮುಗೀತೇನ್ರಿ?”

“ನಿನ್ನ ‘ರೀ’ ಉದ್ದಿತ್ತು. ನನಗ ತಡಾ ಆಗಿ ತಿಳೀತು. ಸಿಟ್ಟಾಗಿದಿ ಏನು?”

ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇಲ್ಲ” ಎಂದಳು. ಬರೀ ‘ಇಲ್ಲ’! ಮದುವೆಯಾದಾಗಿನಿಂದ ಮೊದಲ ಸಲ ‘ರಿ’ಯೇ ಇಲ್ಲ. ಬಾಲವೇ ಇಲ್ಲದ್ದನ್ನು ಹೇಗೆ ಓದಬೇಕೋ ನನ್ನ ವಿದ್ಯೆಗೆ ಗೊತ್ತಿರಲಿಲ್ಲ. ತೆಪ್ಪಗೆ ಒಳಗೆ ಹೋಗಿ, ಪಡಸಾಲೆಯಲ್ಲಿ ಹೆಂಗಸರ ನಡುವೆ ಕೂತು ಉಳ್ಳಾಗಡ್ಡಿ ಹೆಚ್ಚತೊಡಗಿದೆ. ಕೂಸನ್ನು ಎತ್ತಿಕೊಂಡು ಬಂದ ಅತ್ತೆ ನನ್ನ ಮುಖ ನೋಡಿ, “ಅಳಿಯಂದೇರಿಗೆ ಕೂಸಂದ್ರ ಎಷ್ಟು ಜೀವ ನೋಡ್ರೆ! ಕಣ್ಣಾಗ ನೀರ ಬಂದಾವ” ಎಂದು ಎಲ್ಲರಿಗೂ ತೋರಿಸಿದರು. ಮಹಾದೇವಿ ಇನ್ನೊಂದು ಬುಟ್ಟಿ ತಂದು ನನ್ನ ಮುಂದಿಟ್ಟಳು.

“ಇವನ್ನೂ ಹೆಚ್ರಿ.”

ಮಾತು ಬಿಟ್ಟಿರಲಿಲ್ಲ, ‘ರಿ’ಯೂ ಮರಳಿತ್ತು, ಅದೂ ಗಿಡ್ಡದು! ಆ ಸಂತೋಷಕ್ಕೆ ಬಂದ ಕಣ್ಣೀರನ್ನು ಉಳ್ಳಾಗಡ್ಡಿಯ ಕಣ್ಣೀರಿನಿಂದ ಬೇರ್ಪಡಿಸುವ ಯಂತ್ರ ಇನ್ನೂ ಬಂದಿಲ್ಲ.