ಉಭಯ ತಾಲ್ಲೂಕುಗಳ ಪ್ರಮಾಣಿತ ಯಕೃತ್ತು

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಮನುಷ್ಯರ ರಕ್ತ ಕೆಂಪಗಿರುತ್ತದೆ ಎಂಬ ವಿಷಯದಲ್ಲಿ ಯಾವ ಪ್ರಯೋಗಾಲಯಕ್ಕೂ ಭಿನ್ನಾಭಿಪ್ರಾಯವಿರಲಿಲ್ಲ. ಅದರಾಚೆಗಿನ ವಿಷಯಗಳಲ್ಲಿ ಇತ್ತು.

ಇದು ಬೆಳಕಿಗೆ ಬಂದದ್ದು ಚಳ್ಳಕೆರೆಯ ಸೀರೆ ವ್ಯಾಪಾರಿ ಶಾಂತವೀರಪ್ಪನವರಿಗೆ ಊಟ ಸೇರದಂತಾದಾಗ. ಒಗ್ಗರಣೆಯ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಗಿರಾಕಿಗೆ ಒಂದು ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಹೆಂಡತಿ ವೀರಮ್ಮ ಅವರನ್ನು ಡಾಕ್ಟರ್ ಶೈಲಜಾ ಹತ್ತಿರ ಎಳೆದುಕೊಂಡು ಹೋದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಕಣ್ಣರೆಪ್ಪೆ ಬಿಡಿಸಿ ನೋಡಿ, ಎಸ್‌ಜಿಪಿಟಿ ಎಂಬ ಕಿಣ್ವದ ಪರೀಕ್ಷೆ ಬರೆದುಕೊಟ್ಟರು.

"ಲಿವರಿಗೆ ಪೆಟ್ಟು ಬಿದ್ರೆ ಇದು ರಕ್ತಕ್ಕೆ ಸೋರ್ತದೆ ಯಜಮಾನ್ರೇ. ನಲವತ್ತರ ಒಳಗಿದ್ರೆ ಚಿಂತೆ ಇಲ್ಲ."

ಚಳ್ಳಕೆರೆಯ ಲ್ಯಾಬು ಮೂವತ್ತೆಂಟು ಎಂದಿತು. ಸೀರೆ ತರಲು ಮೊಳಕಾಲ್ಮೂರಿಗೆ ಹೋದಾಗ, ಸಮಾಧಾನವಾಗದೆ ಅಲ್ಲಿಯ ಪಾಲಣ್ಣನ ಲ್ಯಾಬಿನಲ್ಲೂ ತೋಳು ಚಾಚಿದರು. ನೂರ ಹದಿನೆಂಟು ಬಂತು. ಬೀಗರ ಮನೆಗೆಂದು ಪರಶುರಾಂಪುರಕ್ಕೆ ಹೋದಾಗ ಅರವತ್ತೇಳು.

ಶಾಂತವೀರಪ್ಪನವರು ಸಾಧು ಮನುಷ್ಯ. ಆದರೆ ಅಳತೆಯ ವಿಷಯಕ್ಕೆ ಬಂದರೆ ಅವರಿಗೆ ರಕ್ತ ಕುದಿಯುತ್ತಿತ್ತು. ಪಾಲಣ್ಣನ ಎದುರು ಮೂರೂ ವರದಿ ಹರವಿದರು.

"ಮೊಳಕಾಲ್ಮೂರು ಮೊಳಕ್ಕೂ ಚಳ್ಳಕೆರೆ ಮೊಳಕ್ಕೂ ಒಂದಂಗುಲ ಫರಕಿಲ್ಲ. ಒಂದೇ ಮನುಷ್ಯನ ಲಿವರಿಗೆ ಮೂರು ಅಳತೆ ಹೆಂಗೈತಪ್ಪಾ?"

"ಲೇದಣ್ಣಾ, ನಮ್ಮ ಮೆಷಿನ್ ಸುಳ್ಳು ಹೇಳಲ್ಲ," ಎಂದ ಪಾಲಣ್ಣ ಗಡಿನಾಡಿನ ತೆಲುಗು ಬೆರೆಸಿ, ಯಂತ್ರದ ನೆತ್ತಿ ಸವರುತ್ತ. "ಆಯುಧಪೂಜೇಲಿ ಕುಂಬಳಕಾಯಿ ಒಡೆದೀನಿ ಇದಕ್ಕೆ."

ಶಾಂತವೀರಪ್ಪನವರು ಅರ್ಜಿ ಬರೆದರು. ಅರ್ಜಿ ಎಲ್ಲೆಲ್ಲೋ ಸುತ್ತಿ, ಸುತ್ತಿದ ಕಡೆಯಲ್ಲೆಲ್ಲ ಒಂದೊಂದು ಮೊಹರು ಹಾಕಿಸಿಕೊಂಡು, ಕೊನೆಗೆ 'ಉಭಯ ತಾಲ್ಲೂಕು ಕಿಣ್ವ ಮಾಪನ ಏಕರೂಪತಾ ಉಪಸಮಿತಿ'ಯಾಗಿ ರೂಪ ತಾಳಿತು. ಅಧ್ಯಕ್ಷರಾಗಿ ಹುಲಿಯಪ್ಪನವರು ನೇಮಕಗೊಂಡರು. ಇವರು ಈ ಹಿಂದೆ ಅಂಗಡಿಗಳ ನಾಮಫಲಕದ ಬಣ್ಣವನ್ನು ಏಕರೂಪಗೊಳಿಸಿದ ಅನುಭವಿಗಳು. ಆ ಕೆಲಸ ಮುಗಿದ ಮೇಲೆ ಯಾವ ಅಂಗಡಿ ಯಾವುದೆಂದು ಯಾರಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ ಅದನ್ನು ಪೂರ್ಣ ಯಶಸ್ಸೆಂದು ಪರಿಗಣಿಸಲಾಗಿತ್ತು.

ಮೊದಲ ಸಭೆಗೆ ಲ್ಯಾಬಿನವರೆಲ್ಲ ಬಂದರು. ಡಾಕ್ಟರ್ ಶೈಲಜಾ ಎದ್ದು ನಿಂತು, ಇದಕ್ಕೊಂದು ಗೊತ್ತಾದ ದಾರಿ ಇದೆ ಎಂದರು. ಕಿಣ್ವದ ಅಂಕಿ ಖಚಿತವಾಗಿ ಗೊತ್ತಿರುವ ಒಂದು ರಕ್ತದ ಮಾದರಿಯನ್ನು ದೊಡ್ಡ ಪ್ರಯೋಗಾಲಯದಿಂದ ತರಿಸಬೇಕು. ಎಲ್ಲ ಯಂತ್ರಗಳನ್ನೂ ಅದಕ್ಕೆ ಹೊಂದಿಸಬೇಕು. ಆಗ ಎಲ್ಲ ಕಡೆ ಒಂದೇ ಅಂಕಿ, ಅದೂ ಸರಿಯಾದ ಅಂಕಿ ಬರುತ್ತದೆ.

"ಬಹಳ ಒಳ್ಳೆ ಸಲಹೆ ಮೇಡಂ," ಎಂದರು ಹುಲಿಯಪ್ಪನವರು. "ಒಂದೇ ಅಂಕಿ ಅನ್ನೋದನ್ನ ಒಪ್ಪಿದೀವಿ. ಸರಿಯಾದ ಅಂಕಿ ಅನ್ನೋದು ನಮ್ಮ ಉಪಸಮಿತಿ ವ್ಯಾಪ್ತಿಗೆ ಬರಲ್ಲ. ಇನ್ನು ಮಾದರಿ. ಹೊರಗಿಂದ ತರಿಸ್ಬೇಕಂದ್ರೆ ಟೆಂಡರ್ ಆಗ್ಬೇಕು. ಸ್ಥಳೀಯವಾಗಿ ಸಿಗೋ ವಸ್ತುವಿಗೆ ಮೊದಲ ಆದ್ಯತೆ ಕೊಡ್ಬೇಕಂತ ನಿಯಮ ಐತೆ. ಸ್ಥಳೀಯವಾಗಿ ಯಾರವ್ರೆ?"

ಸಭೆಯ ಕಣ್ಣುಗಳೆಲ್ಲ ಶಾಂತವೀರಪ್ಪನವರ ಮೇಲೆ ನೆಟ್ಟವು. ಎಲ್ಲ ಲ್ಯಾಬಿನ ಸೂಜಿಯನ್ನೂ ಚುಚ್ಚಿಸಿಕೊಂಡ ಅನುಭವವಿದ್ದ ಏಕೈಕ ನಾಗರಿಕರು ಅವರೇ ಆಗಿದ್ದರು.

"ಅವರ ಅಂಕಿ ಎಷ್ಟಂತಲೇ ನಮಗೆ ಗೊತ್ತಿಲ್ವಲ್ಲ ಸಾರ್!" ಎಂದರು ಡಾಕ್ಟರು.

"ಅದಕ್ಕೇ ಅಲ್ವೇನ್ರಿ ಮೇಡಂ ನಿಗದಿ ಮಾಡೋದು? ನಲವತ್ತು ಅಂತ ಬರ್ಕೊಳ್ಳಿ."

ಹೀಗೆ ಶಾಂತವೀರಪ್ಪನವರ ಯಕೃತ್ತು ಉಭಯ ತಾಲ್ಲೂಕುಗಳ ಪ್ರಮಾಣಿತ ಯಕೃತ್ತೆಂದು ಘೋಷಣೆಯಾಯಿತು. ಪ್ರತಿ ತಿಂಗಳು ಅವರ ರಕ್ತ ತೆಗೆದು ಎಲ್ಲ ಲ್ಯಾಬಿಗೂ ಹಂಚುವುದು. ಅದು ನಲವತ್ತು ಎಂದು ತೋರಿಸುವವರೆಗೆ ಯಂತ್ರಗಳನ್ನು ತಿರುವುವುದು. ಮೊದಲ ತಿಂಗಳಲ್ಲೇ ಮೂರೂ ಊರಿನ ವರದಿಗಳು ಅಚ್ಚು ಹಾಕಿದಂತೆ ಒಂದೇ ಬಂದವು. ಪಾಲಣ್ಣನ ಕಣ್ಣಲ್ಲಿ ನೀರಾಡಿತು. ಶಾಂತವೀರಪ್ಪನವರಿಗೂ ಒಳಗೊಳಗೇ ಹಿಗ್ಗು. ವ್ಯಾಪಾರದಲ್ಲಿ ಇಷ್ಟು ವರ್ಷ ದುಡಿದರೂ ಸಿಗದ ಗೌರವ, ಊಟ ಬಿಟ್ಟ ಕೆಲವೇ ತಿಂಗಳಲ್ಲಿ ಸಿಕ್ಕಿತ್ತು. ಸಂತೆಯಲ್ಲಿ ಜನ ಅವರನ್ನು ಬೆರಳು ಮಾಡಿ ತೋರಿಸಿ, "ನೋಡಲೇ, ನಮ್ಮ ಅಳತೆ ಹೊಂಟೈತೆ," ಎನ್ನುತ್ತಿದ್ದರು.

ಅಷ್ಟರಲ್ಲಿ ಪ್ರಕಟಣೆ ಹೊರಬಿತ್ತು.

"ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಪ್ರಮಾಣಿತ ವ್ಯಕ್ತಿಯು ಆಹಾರ, ಪಾನೀಯ, ನಿದ್ರೆ ಹಾಗೂ ಚಿಂತೆಗಳಲ್ಲಿ ಯಾವುದೇ ಬದಲಾವಣೆ ಮಾಡಿಕೊಳ್ಳತಕ್ಕದ್ದಲ್ಲ. ಸದರಿಯವರಿಗೆ ಔಷಧ, ಕಷಾಯ, ನಾಟಿಮದ್ದು ನೀಡುವುದನ್ನು ಅಳತೆಗೋಲನ್ನು ತಿದ್ದಿದ ಅಪರಾಧವೆಂದು ಪರಿಗಣಿಸಲಾಗುವುದು. ಸದರಿಯವರು ಪೂರ್ವಾನುಮತಿಯಿಲ್ಲದೆ ಗುಣಮುಖರಾಗತಕ್ಕದ್ದಲ್ಲ."

ವೀರಮ್ಮ ಇದನ್ನು ಓದಿಸಿ ಕೇಳಿ, ಸೆರಗು ಸಿಕ್ಕಿಸಿಕೊಂಡು ನೇರ ಹುಲಿಯಪ್ಪನವರ ಕಚೇರಿಗೆ ನಡೆದರು.

"ಏನ್ರಿ ಸಾಹೇಬ್ರೇ, ನಮ್ಮ ಯಜಮಾನ್ರು ಮೈಯೆಲ್ಲ ಪರಚ್ಕೊಂತಾರೆ. ಕಣ್ಣು ಅರಿಶಿಣ ಆಗೈತೆ. ಔಷಧಿ ಕೊಡ್ಬೇಡಿ ಅಂದ್ರೆ ಹೆಂಗೆ?"

ಹುಲಿಯಪ್ಪನವರು ಎದ್ದು ನಿಂತು ಕುರ್ಚಿ ತೋರಿಸಿದರು. ಪ್ರಮಾಣಿತ ವ್ಯಕ್ತಿಯ ಧರ್ಮಪತ್ನಿಗೆ ಸಲ್ಲಬೇಕಾದ ಮರ್ಯಾದೆಯಲ್ಲಿ ಅವರು ಲೋಪ ಮಾಡುವವರಲ್ಲ.

"ಹಳದಿಗೆ ನಮ್ಮಲ್ಲಿ ಇನ್ನೂ ಪ್ರಮಾಣ ನಿಗದಿ ಆಗಿಲ್ಲಮ್ಮಾ. ಕಿಣ್ವ ನಲವತ್ತೇ ಐತೆ. ಮೂರೂ ಊರಿನ ವರದಿ ಹಂಗೇ ಹೇಳ್ತಾವೆ. ಅವರಿಗೆ ಏನೂ ಆಗಿಲ್ಲ."

"ಆಗಿಲ್ಲಾಂದ್ರೆ ಮುದ್ದೆ ಯಾಕ್ರಿ ಸೇರ್ತಿಲ್ಲ?"

"ಅದು ಅಡುಗೆಗೆ ಸಂಬಂಧಪಟ್ಟಿದ್ದು."

ಶಾಂತವೀರಪ್ಪನವರ ಕಾಯಿಲೆ ಏರುತ್ತ ಹೋದಂತೆ ಸಾರ್ವಜನಿಕ ಆರೋಗ್ಯ ಸುಧಾರಿಸುತ್ತ ಹೋಯಿತು. ಅವರ ರಕ್ತ ಎಷ್ಟೇ ಕೆಟ್ಟರೂ ಅದು ನಲವತ್ತೇ ಆದ್ದರಿಂದ, ಉಳಿದವರೆಲ್ಲ ಇಪ್ಪತ್ತಕ್ಕೆ, ಹತ್ತಕ್ಕೆ, ಎಂಟಕ್ಕೆ ಇಳಿದರು. ಬೆಳಗ್ಗೆಯೇ ಬಾರಿನ ಬಾಗಿಲು ತಟ್ಟುವವರು ಹನ್ನೆರಡರ ವರದಿ ಹಿಡಿದು ಹೆಂಡಿರ ಬಾಯಿ ಮುಚ್ಚಿಸಿದರು. ಕಾಮಾಲೆಯವರು ನಗುನಗುತ್ತ ಮನೆಗೆ ಮರಳಿದರು. ಉಪಸಮಿತಿಗೆ ಪ್ರಶಸ್ತಿಪತ್ರ ಬಂತು.

ಶಾಂತವೀರಪ್ಪನವರಿಗೆ ಮಾತ್ರ ಹೆದರಿಕೆ ಶುರುವಾಯಿತು. ಕನ್ನಡಿಯಲ್ಲಿ ಕಂಡ ಹಳದಿ ಮುಖ ತಮ್ಮ ತಂದೆಯ ಕಡೆಗಾಲದ ಮುಖದಂತಿತ್ತು. ಆದರೂ ಹೊರಗೆ ಬಂದರೆ ಜನ ಕೈಮುಗಿಯುತ್ತಿದ್ದರು. ಈ ಜನರನ್ನೆಲ್ಲ ಒಂದೇ ಏಟಿಗೆ ರೋಗಿಗಳನ್ನಾಗಿ ಮಾಡುವ ಧೈರ್ಯ ಅವರಿಗೆ ಬರಲಿಲ್ಲ.

"ನಾನೊಬ್ಬ ಹಿಂಗಿದ್ರೆ ಊರೆಲ್ಲ ಚೆನ್ನಾಗಿರ್ತೈತೆ ಕಣೇ," ಎಂದರು ಹೆಂಡತಿಗೆ.

"ಊರು ಬಂದು ನಿಮ್ಮ ಬೆನ್ನು ಕೆರೀತೈತಾ?" ಎಂದರು ವೀರಮ್ಮ.

ಮರುದಿನವೇ ವೀರಮ್ಮ ಡಾಕ್ಟರ್ ಶೈಲಜಾರ ಮನೆಗೆ ಹೋಗಿ, ಸೊಪ್ಪಿನ ಬುಟ್ಟಿಯಲ್ಲಿ ಮಾತ್ರೆಗಳನ್ನು ಮುಚ್ಚಿಟ್ಟು ತಂದರು. ಡಾಕ್ಟರು ಕೊಡುವಾಗ ಒಂದೇ ಮಾತು ಹೇಳಿದ್ದರು: "ಗೊತ್ತಾದ್ರೆ ನನ್ನ ಲೈಸೆನ್ಸ್ ಹೋಗ್ತದೆ ವೀರಮ್ಮ. ಹೋದ್ರೆ ಹೋಗ್ಲಿ, ಕೊಡಿ." ಅಂದಿನಿಂದ ಮಜ್ಜಿಗೆ ಸ್ವಲ್ಪ ಕಹಿಯಾಯಿತು. ಶಾಂತವೀರಪ್ಪನವರು ಲೋಟ ಎತ್ತಿ, ಹೆಂಡತಿಯ ಮುಖ ನೋಡಿ, ತಳದವರೆಗೂ ಕುಡಿದರು.

ಒಂದು ಬೆಳಗ್ಗೆ ಅವರು ಮುದ್ದೆಯ ಮೇಲೆ ಇನ್ನೊಂದು ಮುದ್ದೆ ಹಾಕಿಸಿಕೊಂಡರು. ವೀರಮ್ಮ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಆ ತಿಂಗಳ ರಕ್ತ ಲ್ಯಾಬಿಗೆ ಹೋದದ್ದೇ ತಡ, ಎರಡೂ ತಾಲ್ಲೂಕುಗಳು ಕಾಯಿಲೆ ಬಿದ್ದವು. ಈಗ ಅವರ ಗುಣವಾದ ರಕ್ತವೇ ನಲವತ್ತಾದ್ದರಿಂದ, ಹನ್ನೆರಡಿದ್ದವರು ನೂರು ದಾಟಿದರು. ಎಂಟಿದ್ದವರು ಎಪ್ಪತ್ತಕ್ಕೆ ಜಿಗಿದರು. ಡಾಕ್ಟರ್ ಶೈಲಜಾ ಮಾತ್ರ, ಈಗ ಬರುತ್ತಿರುವುದೇ ಹೆಚ್ಚುಕಡಿಮೆ ನಿಜವಾದ ಅಂಕಿ, ಕಾಯಿಲೆಯವರು ದಯವಿಟ್ಟು ಚಿಕಿತ್ಸೆಗೆ ಬನ್ನಿ ಎಂದು ಕೂಗಿ ಹೇಳಿದರು. ಜನ ಅವರ ಆಸ್ಪತ್ರೆಯ ಮುಂದೆ ಧಿಕ್ಕಾರ ಕೂಗಿ, ಶಾಂತವೀರಪ್ಪನವರ ಅಂಗಡಿಯ ಮುಂದೆ ಧರಣಿ ಕೂತರು.

ಹುಲಿಯಪ್ಪನವರು ನೋಟಿಸ್ ಕೊಟ್ಟರು: "ತಾವು ಯಾವ ಕಾರಣಕ್ಕಾಗಿ ಗುಣಮುಖರಾದಿರಿ ಎಂಬುದಕ್ಕೆ ಸಮಜಾಯಿಷಿ ನೀಡತಕ್ಕದ್ದು."

ವಿಚಾರಣೆಯ ದಿನ ಶಾಂತವೀರಪ್ಪನವರು ಡಾಕ್ಟರ ಹೆಸರನ್ನೂ ಹೇಳಲಿಲ್ಲ, ಮಜ್ಜಿಗೆಯ ಹೆಸರನ್ನೂ ಹೇಳಲಿಲ್ಲ. ತಲೆ ತಗ್ಗಿಸಿ, "ತಪ್ಪಾತು ಸಾಹೇಬ್ರೇ. ಹಸಿವಾತು, ಉಂಡೆ," ಎಂದರು.

"ಇಷ್ಟು ಜನರ ಆರೋಗ್ಯ ನಿಮ್ಮ ಕೈಯಾಗಿತ್ತು," ಎಂದರು ಹುಲಿಯಪ್ಪನವರು, ನಿಜವಾಗಿಯೂ ನೊಂದು.

ಶಾಂತವೀರಪ್ಪನವರನ್ನು ಹುದ್ದೆಯಿಂದ ಬಿಡುಗಡೆ ಮಾಡಲಾಯಿತು. ತೆರವಾದ ಸ್ಥಾನಕ್ಕೆ ಅರ್ಜಿ ಕರೆದಾಗ ನೂಕುನುಗ್ಗಲಾಯಿತು. ಕೆಲವರು ಶಿಫಾರಸು ತಂದರು. ಕೆಲವರು ಪರೀಕ್ಷೆಗೆ ಮುಂಚೆ ತಿಂಗಳುಗಟ್ಟಲೆ ಕುಡಿದು ತಯಾರಿ ಮಾಡಿಕೊಂಡಿದ್ದರು. ಎಲ್ಲರನ್ನೂ ಅಳೆದು ನೋಡಿ, ಅರ್ಹತೆಯ ಆಧಾರದ ಮೇಲೆಯೇ, ಹುಲಿಯಪ್ಪನವರ ಭಾವಮೈದ ದೊಡ್ಡೀರಪ್ಪನನ್ನು ಆಯ್ಕೆ ಮಾಡಲಾಯಿತು. ಅವನ ಯಕೃತ್ತಿಗೆ ಸಮನಾದದ್ದು ಜಿಲ್ಲೆಯಲ್ಲೇ ಇರಲಿಲ್ಲ. ಅವನ ರಕ್ತವನ್ನು ನಲವತ್ತೆಂದು ಹಿಡಿದಾಗ ಉಳಿದ ಜನರೆಲ್ಲ ಎರಡು ಮೂರರ ಆಸುಪಾಸಿಗೆ ಬಂದು ನಿಂತರು. ಧರಣಿ ಅಂದೇ ಮುಗಿಯಿತು.

ಪದಗ್ರಹಣ ಮೊಳಕಾಲ್ಮೂರಿನಲ್ಲಿ ನಡೆಯಿತು. ಡಾಕ್ಟರ್ ಶೈಲಜಾ ಬರಲಿಲ್ಲ. ಅವರಿಗೆ ಆಹ್ವಾನ ಇರಲಿಲ್ಲ. ನಿಕಟಪೂರ್ವ ಪ್ರಮಾಣಿತ ವ್ಯಕ್ತಿಯಾಗಿ ಶಾಂತವೀರಪ್ಪನವರಿಗೆ ವೇದಿಕೆಯಲ್ಲೇ ಕುರ್ಚಿ ಇತ್ತು. ದೊಡ್ಡೀರಪ್ಪನನ್ನು ಇಬ್ಬರು ರಟ್ಟೆ ಹಿಡಿದು ಕರೆತಂದು ಪಕ್ಕಕ್ಕೆ ಕೂರಿಸಿದರು. ಹೊಟ್ಟೆ ಗುಡಾಣದಂತೆ ಉಬ್ಬಿತ್ತು, ಕಾಲು ಬಾತಿದ್ದವು, ಕಣ್ಣು ಚೆಂಡುಹೂವಿನಂತೆ ಹೊಳೆಯುತ್ತಿದ್ದವು. ಅವನು ಶಾಂತವೀರಪ್ಪನವರ ಕಡೆ ಬಾಗಿ, "ಅಣ್ಣಾ, ಇದು ವಾಸಿ ಆಗ್ತೈತಾ? ನಿಮಗಾತಲ್ಲ?" ಎಂದು ಪಿಸುಗುಟ್ಟಿದ.

ಶಾಂತವೀರಪ್ಪನವರು ಬಾಯಿ ತೆರೆದರು. ಅಷ್ಟರಲ್ಲಿ ಧ್ವನಿವರ್ಧಕ ಮೊಳಗಿತು: ಉಭಯ ತಾಲ್ಲೂಕುಗಳಲ್ಲಿ ಲಿವರ್ ಕಾಯಿಲೆ ಸಂಪೂರ್ಣ ನಿರ್ಮೂಲನೆಯಾಗಿದೆ ಎಂದು ಘೋಷಿಸಲು ಹರ್ಷವಾಗುತ್ತದೆ. ಕೆಳಗೆ ಕೂತಿದ್ದ ಜನ, ತಂತಮ್ಮ ವರದಿಗಳನ್ನು ಬೀಸಣಿಗೆಯಂತೆ ಬೀಸಿಕೊಳ್ಳುತ್ತ, ಎದ್ದು ನಿಂತು ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲಿದ್ದವರೆಲ್ಲ ಎದ್ದರು. ಶಾಂತವೀರಪ್ಪನವರೂ ಎದ್ದರು. ದೊಡ್ಡೀರಪ್ಪನಿಗೆ ಏಳಲು ಆಗದ್ದರಿಂದ ಅವನು ಕೂತಲ್ಲಿಂದಲೇ ತಟ್ಟಿದ.